ಮೂರು ನಿಮಿಷದ ಕರೆ

ಸತ್ತ ಅಣ್ಣನ ಪಕ್ಕದಲ್ಲಿ ಮೂರು ದಿನದಿಂದ ಕೂತಿದ್ದ ಹುಹಾನಾಳ ಮುಂದೆ ರಾವಿರಿ ಬಂದು ಮಂಡಿಯೂರಿದಾಗ ಬೆಳಗಿನ ಏಳು ಗಂಟೆ. ಮೈಮೇಲೆ ಬೂದು ಸೂಟು, ಕೊರಳಲ್ಲಿ ಗುರುತಿನ ಚೀಟಿ. ಚೀಟಿಯ ಮೇಲೆ ‘ಏಷ್ಯಾ ವಾರ’ ಎಂದು ದಪ್ಪ ಅಕ್ಷರ, ಕೆಳಗೆ ಸಣ್ಣದಾಗಿ ‘ಸಾಂಸ್ಕೃತಿಕ ಸಲಹೆಗಾರ’. ಹೆಣದ ಮುಂದೆ ಕೊರಳಿಗೆ ಚೀಟಿ ಕಟ್ಟಿಕೊಂಡು ಬಂದವನನ್ನು ಹುಹಾನಾ ತನ್ನ ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ಕಂಡಿರಲಿಲ್ಲ. ಬಂದವನೇನು ಹೊರಗಿನವನೇ? ತೀರಿಹೋದ ತಂಗಿಯ ಮಗ. ತಂಗಿ ಹೋದ ಮೇಲೆ, ಈಗ ಪೆಟ್ಟಿಗೆಯಲ್ಲಿ ಮಲಗಿರುವ ಈ ಪರಾತೆನೆಯೇ ಅವನನ್ನು ಹೆಗಲ ಮೇಲೆ ಹೊತ್ತು ಸಾಕಿದ್ದು, ಓದಿಸಿದ್ದು, ರಾಜಧಾನಿಗೆ ಕಳಿಸಿದ್ದು.

“ದೊಡ್ಡಮ್ಮಾ, ಒಂದು ಮಾತು.”

“ಮೊದಲು ಅವನ ಹತ್ರ ಮಾತಾಡು. ಆಮೇಲೆ ನನ್ನ ಹತ್ರ,” ಎಂದು ಹುಹಾನಾ ಪೆಟ್ಟಿಗೆಯ ಕಡೆ ಗಲ್ಲ ಎತ್ತಿದಳು.

ರಾವಿರಿ ಬಗ್ಗಿ ಮಾವನ ತಣ್ಣಗಿನ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿದ. ಕಣ್ಣೀರು ಪರಾತೆನೆಯ ಕೆನ್ನೆಯ ಮೇಲೆ ಬಿತ್ತು. ಅಳು ಸುಳ್ಳಾಗಿರಲಿಲ್ಲ, ಅದು ಹುಹಾನಾಳಿಗೂ ಗೊತ್ತು. ಇಷ್ಟು ಅಳು ಒಳಗಿಟ್ಟುಕೊಂಡು ಎರಡು ದಿನ ಈ ಕಡೆ ತಲೆ ಹಾಕದೆ ಇದ್ದನಲ್ಲ ಎಂದು ಅವಳ ಮೈ ಇನ್ನಷ್ಟು ಉರಿಯಿತು. ಮಂಗಳವಾರ ಪರಾತೆನೆ ದೋಣಿ ಇಳಿಸುವ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಆ ಸಂಜೆ ಬಂದು ಗೋಳಾಡಿದ ರಾವಿರಿ ಮತ್ತೆ ಕಂಡದ್ದು ಈಗ, ಶುಕ್ರವಾರ. ಇವತ್ತು ಹನ್ನೊಂದಕ್ಕೆ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. ಆಮೇಲೆ ಗುಡ್ಡದ ಮೇಲೆ ಮಣ್ಣು.

“ಈಗ ಹೇಳು.”

“ಒಂಬತ್ತು ಗಂಟೆಗೆ ಪಟ್ಟಣದ ಹೋಟೆಲಲ್ಲಿ ಏಷ್ಯಾದ ವ್ಯಾಪಾರಿಗಳಿಗೆ ಸರ್ಕಾರದ ಒಂದು ಕಾರ್ಯಕ್ರಮ. ನೀನು ಬಂದು ಕರೆ ಕೊಡಬೇಕು. ಮೂರೇ ನಿಮಿಷ. ಕಾರಲ್ಲಿ ಕರ್ಕೊಂಡೋಗಿ ಕಾರಲ್ಲೇ ವಾಪಸ್ ಕಳಿಸ್ತೀನಿ. ಮುಚ್ಚಳ ಹಾಕೋ ಹೊತ್ತಿಗೆ ಇಲ್ಲಿರ್ತೀಯ.”

ಹುಹಾನಾ ತಾನು ಕೇಳಿದ್ದು ಸರಿಯೇ ಎಂದು ಪಕ್ಕದಲ್ಲಿದ್ದ ಹೆಂಗಸರ ಮುಖ ನೋಡಿದಳು. ಅವರೆಲ್ಲ ಚಾಪೆ ನೋಡುತ್ತಿದ್ದರು. ಸತ್ತವನ ಒಡಹುಟ್ಟಿದವಳು ಹೆಣದ ಪಕ್ಕ ಬಿಟ್ಟು ಏಳುವುದಿಲ್ಲ. ಹಗಲು ಉಣ್ಣುವುದಿಲ್ಲ. ಕರೆ ಕೊಡುವುದಂತೂ ಇಲ್ಲವೇ ಇಲ್ಲ. ವೈಕೌರಾ ಕೊಲ್ಲಿಯಲ್ಲಿ ನಡೆಯಲು ಬಾರದ ಕೂಸಿಗೂ ಇದು ಗೊತ್ತು. ಬಂದವರನ್ನು ಕುಲದ ಅಂಗಳಕ್ಕೆ ಬರಮಾಡಿಕೊಳ್ಳುವ ದನಿ ಹುಹಾನಾಳದು, ನಲವತ್ತು ವರ್ಷದಿಂದ. ಅವಳು ಕೂಗಿ ಕರೆಯುವ ತನಕ ಮಂತ್ರಿಯಾದರೂ ಬಾಗಿಲಾಚೆಯೇ ನಿಂತಿರಬೇಕು. ಆದರೆ ಈ ಮೂರು ದಿನ ಅವಳ ಬಾಯಿಗೆ ಬೀಗ. ಪಕ್ಕದ ಊರಿನ ಮಕೆರೆತಿ ಬಂದು ಕರೆ ಕೊಡುತ್ತಿದ್ದಳು.

“ಮಕೆರೆತೀನ ಕರ್ಕೊಂಡೋಗು,” ಎಂದಳು.

“ಆಗಲ್ಲ ದೊಡ್ಡಮ್ಮ. ಅವರು ನಿನ್ನನ್ನೇ ಕೇಳ್ತಿದಾರೆ. ಹುಹಾನಾ ಕರೀದೆ ನಾನು ಒಳಗೆ ಕಾಲಿಡಲ್ಲ ಅಂತ ಹಟ.”

“ಯಾರು?”

ರಾವಿರಿ ಮಾವನ ಮುಖ ನೋಡಿದ. “ಕುರೋಯಿವಾ ಯಜಮಾನ್ರು.”

ಮೂರು ದಿನ ಹುಹಾನಾಳ ಒಂದು ಕಣ್ಣು ಅಣ್ಣನ ಮೇಲೆ, ಇನ್ನೊಂದು ಬಾಗಿಲ ಮೇಲೆ ಇತ್ತು. ಪ್ರತಿ ಸಲ ಬಾಗಿಲಲ್ಲಿ ಗುಂಪು ಬಂದು ನಿಂತಾಗ ಅಣ್ಣನ ಗೆಳೆಯನ ಆ ಬಿಳಿ ತಲೆ ಕಾಣುತ್ತದೆಯೇ ಎಂದು ಕತ್ತು ಚಾಚಿದ್ದಳು. ಕಾಣದೆ ಹೋದಾಗ, ‘ಥೂ ನಿನ್ನ ಸ್ನೇಹಕ್ಕೆ ಬೆಂಕಿ ಹಾಕ’ ಎಂದು ಮನಸ್ಸಿನಲ್ಲೇ ಶಪಿಸಿದ್ದಳು.

“ಬಂದಿದ್ದಾನಾ? ಯಾವಾಗ ಬಂದ?”

“ಬುಧವಾರ ಮಧ್ಯಾಹ್ನ.”

“ಬುಧವಾರ ಬಂದೋನು ಶುಕ್ರವಾರದ ತನಕ ಇಲ್ಲಿಗೆ ಬರಲಿಲ್ವಾ? ನಾನು ನಿನಗೆ ಹೇಳಿದ್ದೆ ತಾನೇ, ಮೊದಲು ಅವನಿಗೆ ತಿಳಿಸು ಅಂತ? ನೀನು ‘ತಿಳಿಸ್ದೆ’ ಅಂದೆ ತಾನೇ?”

ರಾವಿರಿ ದನಿ ತಗ್ಗಿಸಿದ. “ತಿಳಿಸಿಲ್ಲ ದೊಡ್ಡಮ್ಮ.”

“ಮತ್ತೆ ಪರಾತೆನೆ ಎಲ್ಲಿ ಅಂತ ಅವನು ಕೇಳ್ಲಿಲ್ವಾ?”

“ಕೇಳಿದ್ರು. ವಿಮಾನ ಇಳೀತಿದ್ದ ಹಾಗೇ ಕೇಳಿದ್ರು. ಜ್ವರ ಬಂದಿದೆ, ಮಲಗಿದಾರೆ ಅಂತ ಹೇಳ್ದೆ.”

*

ಇವರ ಸ್ನೇಹ ಶುರುವಾದದ್ದೂ ಇಂಥದೇ ಒಂದು ಸರ್ಕಾರಿ ಆಟದಿಂದ. ಬ್ರಿಟನ್ನಿನವರು ‘ನಿಮ್ಮ ಬೆಣ್ಣೆ, ಕುರಿಮಾಂಸ ನಮಗಿನ್ನು ಸಾಕು’ ಎಂದು ಯುರೋಪಿನ ಪಂಕ್ತಿಯಲ್ಲಿ ಹೋಗಿ ಕೂತ ಮೇಲೆ ನ್ಯೂಜಿಲೆಂಡಿನ ಸರ್ಕಾರಕ್ಕೆ ಏಷ್ಯಾ ಎಂಬುದೊಂದು ಭೂಮಿಯ ಮೇಲಿದೆ ಎಂದು ನೆನಪಾಯಿತು. ಮಾರಿ ಬದುಕುವ ಸಣ್ಣ ದೇಶ, ಕೊಳ್ಳುವವರಿಲ್ಲದಿದ್ದರೆ ಒಲೆ ಹೊತ್ತುವುದಿಲ್ಲ. ಮಂತ್ರಿಗಳು, ಕಾರ್ಯದರ್ಶಿಗಳು ಟೋಕಿಯೊಗೆ ನಿಯೋಗ ಕಟ್ಟಿಕೊಂಡು ಹೊರಟರು. ಊಟದ ನಡುವೆ ಕುಣಿದು ತೋರಿಸಲು ಈ ನೆಲದ ಮೂಲನಿವಾಸಿಗಳಾದ ನಮ್ಮವರು ಹನ್ನೆರಡು ಜನ ಬೇಕಾಯಿತು. ಆ ಹನ್ನೆರಡರಲ್ಲಿ ಪರಾತೆನೆ ಒಬ್ಬ. ಕುಣಿಯುವವನ ಸಾಮಾನನ್ನು ಯಾರು ನೋಡುತ್ತಾರೆ? ಅವನು ಒದ್ದೆ ಗೋಣಿಯಲ್ಲಿ ಸುತ್ತಿದ ಕಲ್ಲುಸಿಗಡಿಗಳನ್ನು, ನಮ್ಮ ಕೊಲ್ಲಿಯ ಬಂಡೆ ಸಂದಿಯಲ್ಲಿ ಸಿಗುವ ಆ ಮೊಳದುದ್ದ ಮೀಸೆಯ ಕೆಂಪು ಸಿಗಡಿಗಳನ್ನು, ಒಂದು ಪೆಟ್ಟಿಗೆ ತುಂಬಿಕೊಂಡು ಹೋಗಿದ್ದ.

ಸಾಹೇಬರುಗಳು ಹೋಟೆಲಿನಲ್ಲಿ ಹಸ್ತಲಾಘವ ಮಾಡುತ್ತಿದ್ದಾಗ ಪರಾತೆನೆ ಬೆಳಕು ಹರಿಯುವ ಮುಂಚೆ ಮೀನಿನ ಪೇಟೆಗೆ ನಡೆದು, ಪೆಟ್ಟಿಗೆ ಕೆಳಗಿಟ್ಟು, ಅದರ ಮೇಲೆ ಕೂತುಬಿಟ್ಟ. ಮಾತು ಬಾರದು. ಕಾವಲಿನವನು ಎಬ್ಬಿಸಲು ಬಂದ. ಅಷ್ಟರಲ್ಲಿ ಉತ್ತರದ ಹಕೋದಾತೆಯಿಂದ ಬಂದಿದ್ದ ಮೀನು ವ್ಯಾಪಾರಿ ಕುರೋಯಿವಾ ಗೋಣಿ ಸರಿಸಿ ನೋಡಿದ. ಸಿಗಡಿ ಇನ್ನೂ ಬಾಲ ಬಡಿಯುತ್ತಿತ್ತು. ಅವತ್ತಿನಿಂದ ಮೂವತ್ತೆಂಟು ವರ್ಷ, ಇಬ್ಬರ ನಡುವೆ ಒಂದು ತುಂಡು ಕಾಗದ ಇರಲಿಲ್ಲ. ಭಾನುವಾರ ಸಂಜೆ ಹಕೋದಾತೆಯಿಂದ ಫೋನ್ ಬರುತ್ತಿತ್ತು. ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದರು. ಸೋಮವಾರ ಪೆಟ್ಟಿಗೆಗಳು ಹೊರಡುತ್ತಿದ್ದವು. ಆ ಫೋನಿನ ಮೇಲೆ ಕೊಲ್ಲಿಯ ಅರವತ್ತು ಮನೆ ನಡೆದವು.

ಕುರೋಯಿವಾನ ಹೆಂಡತಿ ತೀರಿಕೊಂಡಾಗ ಪರಾತೆನೆ ಸಾಲ ಮಾಡಿ ವಿಮಾನ ಹತ್ತಿ ಹೋಗಿ ಹೆಣದ ಪಕ್ಕ ಕೂತ. ಅಲ್ಲೂ ಹೆಣವನ್ನು ಒಂಟಿಯಾಗಿ ಬಿಡುವುದಿಲ್ಲವಂತೆ. ಅದು ಅವನಿಗೆ ಬಹಳ ಹಿಡಿಸಿತ್ತು. ‘ನಮ್ಮಲ್ಲಿ ಯಾರು ಮೊದಲು ಹೋದರೂ ಇನ್ನೊಬ್ಬ ಬಂದು ಮುಖ ನೋಡಬೇಕು’ ಎಂದು ಅವತ್ತು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು. ಈ ಮಾತನ್ನು ಪರಾತೆನೆ ಹುಹಾನಾಳಿಗೆ ಎಷ್ಟು ಸಲ ಹೇಳಿದ್ದನೋ, ರಾವಿರಿಗೂ ಅಷ್ಟೇ ಸಲ ಹೇಳಿದ್ದ.

*

“ನಿನ್ನ ಬಾಯಲ್ಲೇ ಹೇಳಿದೆಯೇನೋ ಜ್ವರ ಅಂತ?” ಹುಹಾನಾಳ ದನಿ ಏರಿತು. ಸಭಾಮನೆಯಲ್ಲಿ ಮಲಗಿದ್ದವರು ಒಬ್ಬೊಬ್ಬರೇ ಎದ್ದು ಕೂತರು.

“ಕೇಳು ದೊಡ್ಡಮ್ಮ. ಕುರೋಯಿವಾ ಅವರಿಗೀಗ ಎಂಬತ್ತೊಂದು. ಅವರ ನಂತರ ಕಂಪನಿ ಯಾರ ಕೈಗೋ, ಅಗ್ಗಕ್ಕೆ ಬೇರೆ ಕಡೆ ಕೊಳ್ತಾರೋ ಏನೋ. ಈಗ ಹತ್ತು ವರ್ಷದ ಒಪ್ಪಂದ ಆದ್ರೆ ಕೊಲ್ಲಿಗೇ ಒಳ್ಳೇದು. ಸಾವಿನ ಸುದ್ದಿ ಕೇಳಿದ್ರೆ ಅವರು ಸಹಿ ಹಾಕಲ್ಲ, ಅವರಲ್ಲಿ ಸೂತಕದಲ್ಲಿ ಶುಭಕಾರ್ಯ ಮಾಡಲ್ಲ. ಹನ್ನೊಂದಕ್ಕೆ ಸಹಿ. ಹನ್ನೆರಡಕ್ಕೆ ನಾನೇ ಹೇಳ್ತೀನಿ, ಕಾಲಿಗೆ ಬೀಳ್ತೀನಿ.”

“ಹನ್ನೆರಡಕ್ಕೆ ಪರಾತೆನೆ ಮಣ್ಣಲ್ಲಿರ್ತಾನೆ.”

“ಮಾವ ಜೀವನ ಪೂರ್ತಿ ದುಡಿದದ್ದು ಇದಕ್ಕೇ ಅಲ್ವಾ? ಮಾವ ಇದ್ದಿದ್ರೆ ಹೂಂ ಅಂತಿದ್ರು.”

“ಮಾವ ಇಲ್ಲೇ ಇದ್ದಾನಲ್ಲ, ಕೇಳು. ಏನಂತಾನೆ ನನಗೂ ಹೇಳು.”

ರಾವಿರಿ ಕೊರಳ ಚೀಟಿಯನ್ನು ಕೋಟಿನೊಳಗೆ ತುರುಕಿದ.

“ಎರಡು ದಿನ ಆ ಮುದುಕನ್ನ ಎಲ್ಲಿ ಬಚ್ಚಿಟ್ಟಿದ್ರಿ?”

“ಬಚ್ಚಿಡೋದೇನು ಬಂತು. ನಿನ್ನೆ ದ್ರಾಕ್ಷಿ ತೋಟ ತೋರಿಸಿದ್ವಿ.”

ಆ ಮಾತಿಗೆ ಹುಹಾನಾಳ ಕೋಪ ನೆತ್ತಿಗೇರಿತು. ಒಂದೂವರೆ ಗಂಟೆಯ ದಾರಿಯಾಚೆ ಗೆಳೆಯ ಮುಖ ತೆರೆದುಕೊಂಡು ಕಾಯುತ್ತ ಮಲಗಿರುವಾಗ ಇವರು ಅವನನ್ನು ಕೂರಿಸಿಕೊಂಡು ದ್ರಾಕ್ಷಿ ತಿನ್ನಿಸಿದ್ದಾರೆ! ಕೈಗೆ ಸಿಕ್ಕಿದ್ದನ್ನು ಎತ್ತಿ ಅವನ ಮುಖಕ್ಕೆ ಬಡಿಯಬೇಕೆನಿಸಿತು. ಕೈಗೆ ಸಿಕ್ಕಿದ್ದು ಪರಾತೆನೆಯ ಪೆಟ್ಟಿಗೆಯ ಅಂಚು. ಅದನ್ನೇ ಬಿಗಿಯಾಗಿ ಹಿಡಿದುಕೊಂಡು ಯೋಚಿಸಿದಳು. ಕೂತಲ್ಲಿಂದ ಫೋನ್ ಮಾಡೋಣವೆಂದರೆ ಮುದುಕ ಮೊಬೈಲ್ ಇಟ್ಟುಕೊಂಡವನಲ್ಲ. ಹೋಟೆಲಿಗೆ ಮಾಡಿದರೆ ಎತ್ತುವವರು ಇವರದೇ ಜನ. ಬೇರೆ ಯಾರನ್ನಾದರೂ ಕಳಿಸಿದರೆ ಬಾಗಿಲಲ್ಲೇ ತಡೆಯುತ್ತಾರೆ. ಅವರು ಒಳಗೆ ಬಿಡಲೇಬೇಕಾದವಳು ತಾನೊಬ್ಬಳೇ.

ಅವಳು ಎದ್ದಳು. ಮೂರು ದಿನ ಮಡಿಚಿಟ್ಟಿದ್ದ ಮಂಡಿ ಕಟಕಟ ಎಂದಿತು.

“ಬರ್ತೀನಿ ನಡಿ.”

ಹೆಂಗಸರು ಹಾ ಎಂದು ಬಾಯಿ ಮುಚ್ಚಿಕೊಂಡರು. ಹೊರಗೆ ಮಾತುಗಾರರ ಬೆಂಚಿನ ಮೇಲೆ ಕೂತಿದ್ದ ಹಿರಿಯ ಹಾಮಿಯೊರಾ ಕೋಲೂರಿಕೊಂಡು ಅಡ್ಡ ಬಂದ. ಕುಲದ ಕಟ್ಟಳೆಯೆಲ್ಲ ಅವನ ನಾಲಗೆಯ ಮೇಲಿತ್ತು.

“ಏನಮ್ಮಾ ಇದು? ಅಣ್ಣನ ಪಕ್ಕ ಬಿಟ್ಟು ಎಲ್ಲಿಗೆ? ನಿನ್ನಮ್ಮ ಇದ್ದಿದ್ರೆ ಕಾಲು ಮುರೀತಿದ್ಲು.”

“ಮುರೀಲಿ. ಕುರೋಯಿವಾ ಪಟ್ಟಣದಲ್ಲಿದ್ದಾನೆ. ಅವನಿಗೆ ಸುದ್ದಿ ಹೇಳಿಲ್ಲ ಈ ಮಹಾನುಭಾವರು.” ಅವಳು ರಾವಿರಿಗೆ ಕೇಳಿಸದಂತೆ ಅವನ ಕಿವಿಯ ಹತ್ತಿರ ಬಗ್ಗಿದಳು. “ನಾನು ಬರೋ ತನಕ ಮುಚ್ಚಳ ಹಾಕಬೇಡಿ.”

ಹಾಮಿಯೊರಾ ಬಿಸಿಲು ನೋಡಿದ. “ಹನ್ನೊಂದು ಅಂದ್ರೆ ಹನ್ನೊಂದು. ಪಾದ್ರಿಗೆ ಇನ್ನೊಂದು ಊರಲ್ಲಿ ಕೆಲಸ ಇದೆ. ಹೆಣಾನೂ ಕಾಯಲ್ಲ, ಗೊತ್ತಲ್ಲ. ಹೋಗೋದಾದ್ರೆ ಬೇಗ ಹೋಗು.”

*

ದಾರಿಯುದ್ದಕ್ಕೂ ಮರದ ದಿಮ್ಮಿ ತುಂಬಿದ ಲಾರಿಗಳು ಬಂದರಿನ ಕಡೆ ಇಳಿಯುತ್ತಿದ್ದವು. ಅವೂ ಏಷ್ಯಾಕ್ಕೇ. ರಾವಿರಿ ಎರಡು ಸಲ ಗಂಟಲು ಸರಿಮಾಡಿಕೊಂಡ. ಮೂರನೆಯ ಸಲ ಮಾತು ಹೊರಬಿತ್ತು.

“ದೊಡ್ಡಮ್ಮ, ತಲೆ ಮೇಲಿನ ಎಲೆ...”

ಅವಳ ತಲೆಯ ಸುತ್ತ ಸಾವಿನ ದಿನಗಳಲ್ಲಿ ಮುಡಿಯುವ ಹಸಿರೆಲೆಯ ಬಳ್ಳಿ ಇತ್ತು. ಮೂರು ದಿನಕ್ಕೆ ಬಾಡಿ ಕಪ್ಪಾಗಿತ್ತು.

“ಏನದಕ್ಕೆ?”

“ಅವರು ನೋಡಿದ ತಕ್ಷಣ ಗುರುತು ಹಿಡೀತಾರೆ. ತೆಗೆದ್ರೆ...”

“ಸಲಹೆ ಕೊಡ್ತಿದೀಯೇನೋ, ಸಾಂಸ್ಕೃತಿಕ ಸಲಹೆ? ತಿಂಗಳಿಗೆ ಎಷ್ಟು ಕೊಡ್ತಾರೆ ಇದಕ್ಕೆಲ್ಲ?”

ಅವನು ರಸ್ತೆ ನೋಡಿದ. ಹುಹಾನಾ ಬಳ್ಳಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಬಿಚ್ಚದಿದ್ದರೆ ಇವನು ಕಾರನ್ನು ಇಲ್ಲಿಂದಲೇ ತಿರುಗಿಸಿಯಾನು ಎಂಬ ಲೆಕ್ಕ ಅವಳಿಗಿತ್ತು. ಆದರೂ ಅಣ್ಣನನ್ನು ತಾನೇ ಕೈಯಾರೆ ಸುಳ್ಳಿಗೆ ಸೇರಿಸಿದಂತಾಯಿತು.

ಹೋಟೆಲಿನ ಸಭಾಂಗಣದ ಬಾಗಿಲಿಗೆ ನಮ್ಮ ಕುಲದ ಕೆತ್ತನೆಯ ಹೆಬ್ಬಾಗಿಲನ್ನು ಫ್ಲೆಕ್ಸ್ ಮೇಲೆ ಅಚ್ಚು ಹಾಕಿಸಿ ಕಟ್ಟಿದ್ದರು. ನಾಲಗೆ ಚಾಚಿದ ಪೂರ್ವಜರ ಮುಖದ ಮೇಲೆಯೇ ಪ್ರಾಯೋಜಕರ ಹೆಸರುಗಳು. ವೇದಿಕೆಯ ಮೇಲೆ ಎರಡು ದೇಶದ ಬಾವುಟ, ಹೂವಿನ ಕುಂಡ, ನೀಲಿ ಬಟ್ಟೆ ಹೊದಿಸಿದ ಮೇಜು, ಮೇಜಿನ ಮೇಲೆ ಚರ್ಮದ ಫೈಲು. ರಾಜಧಾನಿಯಿಂದ ಬಂದ ಹಾಲ್ಕಂಬ್ ಎಂಬ ಅಧಿಕಾರಿ, ಏಷ್ಯಾ ವಾರದ ಉಸ್ತುವಾರಿಯವನು, ಎರಡೂ ಕೈ ಚಾಚಿಕೊಂಡು ಬಂದ.

“ಹುಹಾನಾ ಅವರೇ, ನಿಮ್ಮ ಅಣ್ಣನ ವಿಷಯ ಕೇಳಿ ತುಂಬಾ ಬೇಜಾರಾಯ್ತು. ಇಂಥ ಸಮಯದಲ್ಲೂ ದೇಶಕ್ಕೋಸ್ಕರ ಬಂದ್ರಿ. ಕಾಫಿ ತಗೊಳ್ತೀರಾ? ಕೇಕ್ ಇದೆ.”

“ಬೇಡ.”

“ಸರಿ ಸರಿ. ನೋಡಿ, ಇದು ಇವತ್ತಿನ ಪಟ್ಟಿ.” ಅವನು ಒಂದು ಹಾಳೆ ಹಿಡಿದ. ‘೯.೦೦ — ಸ್ವಾಗತ ಕರೆ — ೩ ನಿಮಿಷ’ ಎಂದಿತ್ತು. ಅದರ ಕೆಳಗೆ ‘೯.೦೩ — ನೃತ್ಯ’. “ಮೂರು ನಿಮಿಷ ದಾಟದಿದ್ರೆ ಒಳ್ಳೇದು. ಹಿಂದೆ ಕ್ಯಾಮೆರಾದವರು ಕಾದಿರ್ತಾರೆ.”

ಕರೆ ಎಂದರೆ ಅದೊಂದು ಹಾಡು, ಪಟ್ಟಿಯಲ್ಲಿ ಬರೆದುಕೊಂಡರೆ ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ ಕೊಡುವಂಥದು ಎಂದು ಇವರು ತಿಳಿದಿದ್ದರು. ಮೂವತ್ತೆಂಟು ವರ್ಷ ನಮ್ಮವರನ್ನು ಎಲ್ಲ ನಿಯೋಗಕ್ಕೂ ಹೊತ್ತು ತಿರುಗಿದ್ದಾರೆ, ಎಲ್ಲ ಬಾಗಿಲಲ್ಲೂ ಕೂಗಿಸಿದ್ದಾರೆ. ಆ ಕೂಗಿನಲ್ಲಿ ಏನು ಹೇಳುತ್ತಾರೆ ಎಂದು ಒಬ್ಬನಾದರೂ ಒಂದು ದಿನವಾದರೂ ಕೇಳಿದ್ದರೆ, ಇವತ್ತು ಸತ್ತವನ ತಂಗಿಯನ್ನು ಕರೆದು ತಂದು ತಮ್ಮ ಬಾಗಿಲಲ್ಲಿ ನಿಲ್ಲಿಸುತ್ತಿರಲಿಲ್ಲ. ಕರೆ ಬದುಕಿದ್ದವರಿಗೆ ಅರ್ಧ ಮಾತ್ರ. ಉಳಿದರ್ಧ ಸತ್ತವರಿಗೆ. ಬಂದವರಿಗೆ ‘ಬನ್ನಿ’ ಎನ್ನಬೇಕು, ಹೋದವರಿಗೆ ‘ಹೋಗು’ ಎನ್ನಬೇಕು. ಹೋದವರ ಹೆಸರು ಹೇಳಬೇಕು. ಇದು ರಾವಿರಿಗೆ ಗೊತ್ತಿತ್ತು. ಆದರೆ ದೊಡ್ಡಮ್ಮ ಹಳೆಯ ಸತ್ತವರ ಹೆಸರಿನಲ್ಲೇ ಮುಗಿಸುತ್ತಾಳೆಂದು ಅವನು ನಂಬಿದ್ದ. ಎಲೆಯ ಬಳ್ಳಿಯನ್ನು ಬಿಚ್ಚಿದಳಲ್ಲ, ಅಲ್ಲಿಗೆ ಒಪ್ಪಿದಳೆಂದೇ ಅವನ ಲೆಕ್ಕ.

ಬಾಗಿಲು ತೆರೆಯಿತು. ಆಚೆ ಕೆಂಪು ಜಮಖಾನೆಯ ಮೇಲೆ ಕುರೋಯಿವಾ ನಿಂತಿದ್ದ. ಕಪ್ಪು ಕೋಟು, ಬೆಳ್ಳಗಿನ ತಲೆ, ಹಿಂದೆ ಕಂಪನಿಯ ಆರು ಜನ, ಪಕ್ಕದಲ್ಲೊಬ್ಬಳು ದುಭಾಷಿ. ದೂರದಿಂದಲೇ ಹುಹಾನಾಳನ್ನು ಕಂಡು ಅವನ ಮುಖ ಅರಳಿತು.

ಹುಹಾನಾ ಶಾಲಿನ ಮರೆಯಿಂದ ಬಾಡಿದ ಬಳ್ಳಿಯನ್ನು ತೆಗೆದು ತಲೆಗೆ ಸುತ್ತಿಕೊಂಡಳು. ರಾವಿರಿ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಕುಲದ ನುಡಿಯಲ್ಲಿ ಅವಳ ದನಿ ಎದ್ದಾಗಿತ್ತು. ಎದ್ದ ಕರೆಯನ್ನು ಯಾರೂ ತಡೆಯುವಂತಿಲ್ಲ. ಎಂಥ ಕೇಡಿಗನಿಗೂ ಆ ಧೈರ್ಯ ಬರುವುದಿಲ್ಲ.

“ಬನ್ನಿ, ಕಡಲು ದಾಟಿ ಬಂದವರೇ, ಬನ್ನಿ! ನಿಮ್ಮ ಸತ್ತವರನ್ನು ಜೊತೆಯಲ್ಲೇ ಕರೆತನ್ನಿ, ನಮ್ಮ ಸತ್ತವರು ಅವರಿಗಾಗಿ ಕಾದಿದ್ದಾರೆ, ಬನ್ನಿ!”

ಕುರೋಯಿವಾ ನಡೆದು ಬಂದ. ಇಷ್ಟು ವರ್ಷದಲ್ಲಿ ಪರಾತೆನೆ ಅವನಿಗೆ ಕಲಿಸಿದ್ದು ಇಷ್ಟು: ‘ಬನ್ನಿ’ ಎಂದಾಗ ನಡಿ, ‘ಹೋಗು’ ಎಂದಾಗ ನಿಲ್ಲು, ತಲೆ ಬಾಗಿಸು, ಅದು ಸತ್ತವರ ಪಾಲು.

“ಹೋಗು! ಹೋಗು! ಹೋಗು!”

ಅವನು ನಿಂತ. ತಲೆ ಬಾಗಿಸಿದ.

“ಹೋಗು ಪರಾತೆನೆ, ನನ್ನ ಅಣ್ಣಾ, ಹೋಗು! ವೈಕೌರಾದ ಮನೆಯಲ್ಲಿ ಮೂರು ದಿನ ಮುಖ ತೆರೆದು ಮಲಗಿದ್ದೀಯ, ಬರಬೇಕಾದವನನ್ನು ಬರಗೊಡಲಿಲ್ಲ! ನಿನ್ನ ಅನ್ನ ಉಂಡವರೇ ಅವನ ಕಣ್ಣಿಗೆ ಮಣ್ಣೆರಚಿದರು! ಹೋಗು ಪರಾತೆನೆ, ನಿನ್ನ ದೋಣಿ ಬಿಚ್ಚಿತು, ಹೋಗು!”

ಮೂರು ದಿನ ಗಂಟಲಲ್ಲಿ ಕೂತದ್ದೆಲ್ಲ ಒಮ್ಮೆಗೇ ಹೊರಬಂತು. ಕಣ್ಣೀರು, ಸಿಂಬಳ ಎರಡೂ ಗಲ್ಲದ ಮೇಲೆ ಇಳಿದವು. ಅವಳು ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳಬಾರದು. ಹೋಟೆಲಿನ ಹುಡುಗಿಯೊಬ್ಬಳು ಪಾಪ, ಓಡಿಬಂದು ಕಾಗದದ ಕರವಸ್ತ್ರ ಹಿಡಿದಳು. ವೇದಿಕೆಯ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಹಾಲ್ಕಂಬ್ ಕೈಗಡಿಯಾರ ನೋಡುತ್ತ ರಾವಿರಿಗೆ ಹೇಳಿದ್ದು ಹುಹಾನಾಳ ಕಿವಿಗೆ ಬಿತ್ತು: “ಅದ್ಭುತ! ಸ್ವಲ್ಪ ಉದ್ದ ಆಯ್ತು, ಅಷ್ಟೇ.”

ಕುರೋಯಿವಾ ತಲೆ ಎತ್ತಿದ. ಅವನಿಗೆ ಅರ್ಥವಾಗಿದ್ದು ‘ಹೋಗು’ ಎಂಬುದೊಂದು, ಗೆಳೆಯನ ಹೆಸರೊಂದು. ಅಷ್ಟು ಸಾಕಿತ್ತು. ಅವನ ಕಣ್ಣು ಅವಳ ತಲೆಯ ಮೇಲಿನ ಎಲೆಗಳ ಮೇಲೆ ನಿಂತಿತು. ಜಮಖಾನೆ ಬಿಟ್ಟು, ಕುಣಿಯಲು ಸಾಲುಗಟ್ಟಿ ನಿಂತಿದ್ದವರ ನಡುವೆ ಹಾದು, ಅವಳ ಮುಂದೆ ಬಂದು ನಿಂತ.

“ಪರಾತೆನೆ?”

“ಹೌದು.”

“ಯಾವಾಗ?”

“ಮಂಗಳವಾರ. ಇವತ್ತು ಹನ್ನೊಂದಕ್ಕೆ ಮುಚ್ಚಳ ಹಾಕ್ತಾರೆ.”

ಮುದುಕ ಬೆರಳು ಮಡಿಚಿ ಎಣಿಸಿದ. ಮಂಗಳ, ಬುಧ, ಗುರು. ಆಮೇಲೆ ನಿಧಾನವಾಗಿ ರಾವಿರಿಯ ಕಡೆ ತಿರುಗಿದ. “ಜ್ವರ ಅಂದೆ ನೀನು.”

ರಾವಿರಿ ಹಾಲ್ಕಂಬನ ಕಡೆ ನೋಡಿದ.

“ನಿನ್ನೆ ನಾನು ದ್ರಾಕ್ಷಿ ತಿಂದೆ,” ಎಂದ ಕುರೋಯಿವಾ. ಅವನ ಮುರುಕು ಇಂಗ್ಲಿಷಿನಲ್ಲಿ ಕೂಗಾಟವಿರಲಿಲ್ಲ, ಒಂದೊಂದೇ ಮಾತು ಕಲ್ಲು ಇಟ್ಟಂತೆ ಬರುತ್ತಿತ್ತು. “ಫೋಟೋ ತೆಗೆದ್ರಿ. ನಗಿ ಅಂದ್ರಿ. ನಾನು ನಕ್ಕೆ.”

ಹಾಲ್ಕಂಬ್ ನಡುವೆ ನುಗ್ಗಿದ. “ಯಜಮಾನರೇ, ನಮಗೂ ತುಂಬಾ ದುಃಖ ಆಗಿದೆ. ನಿಮಗೆ ನೋವಾಗಬಾರದು ಅಂತಲೇ... ಈಗ ಐದು ನಿಮಿಷದಲ್ಲಿ ಸಹಿ ಮುಗಿಸಿಬಿಟ್ರೆ ನಾವೇ ಕಾರಲ್ಲಿ—”

“ಫೈಲ್ ತನ್ನಿ,” ಎಂದ ಕುರೋಯಿವಾ. “ಅಲ್ಲಿಗೆ.”

ಹಾಲ್ಕಂಬನ ಮುಖಕ್ಕೆ ಹೋದ ಜೀವ ಮರಳಿ ಬಂತು. ಓಡಿಹೋಗಿ ಫೈಲನ್ನು ಎದೆಗವಚಿಕೊಂಡ.

*

ರಾವಿರಿಯೇ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕರು. ಘಟ್ಟದ ತಿರುವಿನಲ್ಲಿ ದಿಮ್ಮಿಯ ಲಾರಿಯೊಂದು ಅಡ್ಡ ಸಿಕ್ಕಿತು. ಮುಕ್ಕಾಲು ಗಂಟೆ ಅದರ ಹಿಂದೆ ಆಮೆಯ ಹಾಗೆ ತೆವಳಬೇಕಾಯಿತು. ಹಿಂದೆ ಹಾಲ್ಕಂಬನ ಕಾರು, ಅದರ ಹಿಂದೆ ಕಂಪನಿಯವರದು. ಗಡಿಯಾರ ಹತ್ತೂ ಐವತ್ತು ದಾಟಿತು, ಹನ್ನೊಂದಾಯಿತು, ಹನ್ನೊಂದೂ ಹತ್ತಾಯಿತು. ಕುರೋಯಿವಾ ಕೈ ಮಂಡಿಯ ಮೇಲಿಟ್ಟು ನೇರವಾಗಿ ಕೂತಿದ್ದ. ಹುಹಾನಾ ಲಾರಿಯವನನ್ನು, ಲಾರಿಯನ್ನು, ಮರವನ್ನು, ಮರ ಬೆಳೆದ ಗುಡ್ಡವನ್ನು, ಗುಡ್ಡ ಮಾರಿದ ಸರ್ಕಾರವನ್ನು ಒಂದಾದ ಮೇಲೊಂದು ಬೈದಳು. ರಾವಿರಿಯನ್ನು ಬೈಯಲಿಲ್ಲ. ಅವನ ಕತ್ತಿನ ಹಿಂಭಾಗ ಕೆಂಪಾಗಿತ್ತು.

ಅಂಗಳದ ಬಾಗಿಲು ತಲುಪಿದಾಗ ಹನ್ನೊಂದೂ ಮೂವತ್ತೈದು. ಒಳಗಿನಿಂದ ಹಾಮಿಯೊರಾನ ದನಿ ಕೇಳುತ್ತಿತ್ತು. ಅವನು ಪರಾತೆನೆಯ ವಂಶಾವಳಿ ಹೇಳುತ್ತಿದ್ದ. ಮೊದಲ ದೋಣಿಯಲ್ಲಿ ಬಂದ ಮೂಲಪುರುಷನಿಂದ ಹಿಡಿದು ಇಪ್ಪತ್ತಾರು ತಲೆಮಾರು, ಅಣ್ಣ ತಮ್ಮ ಸೊಸೆ ಸಮೇತ. ಯಾವಾಗಲೂ ‘ಸಾಕು ಕೂತ್ಕೊಳ್ಳಿ’ ಎಂದು ಬೈಸಿಕೊಳ್ಳುವ ಆ ಬೆಂಚಿನ ಮುದುಕರು ಇವತ್ತು ಒಬ್ಬನಾದ ಮೇಲೊಬ್ಬ ಎದ್ದು, ಇನ್ನೇನೂ ಹೇಳಲು ಉಳಿಯದ ಹಾಗೆ ಮಾತಾಡಿದ್ದರು. ಪಾದ್ರಿ ಎರಡು ಸಲ ಎದ್ದು ಎರಡು ಸಲ ಕೂತಿದ್ದನಂತೆ. ಅವರ ಮಾತು ಮುಗಿಯದೆ ಹಾಕುವಂತಿಲ್ಲದ ಮುಚ್ಚಳ ಇನ್ನೂ ಗೋಡೆಗೆ ಒರಗಿತ್ತು.

ಹುಹಾನಾ ಅಡುಗೆಮನೆಯ ಕಡೆಯಿಂದ ಸುತ್ತಿ ಓಡಿದಳು. ಗೆಣಸಿನ ಹಂಡೆ, ಬ್ರೆಡ್ಡಿನ ಬಾಣಲೆ, ಬೆವರುತ್ತಿದ್ದ ಕುಲದ ಅ‍ಕ್ಕತಂಗಿಯರು ಎಲ್ಲ ದಾಟಿ ಪಕ್ಕದ ಬಾಗಿಲಿನಿಂದ ಒಳನುಗ್ಗಿ ಅಣ್ಣನ ಪಕ್ಕದ ತನ್ನ ಜಾಗದಲ್ಲಿ ಕುಸಿದು ಕೂತಳು. “ಬಂದ ಕಣೋ,” ಎಂದಳು ಅವನ ಕಿವಿಗೆ. “ತಡ ಆಯ್ತು, ಬಯ್ಯಬೇಡ.”

ಹೊರಗೆ ಮಕೆರೆತಿಯ ಕರೆ ಎದ್ದಿತು. ಕುರೋಯಿವಾ ಅಂಗಳ ದಾಟಿ, ಬೂಟು ಕಳಚಿ ಒಳಗೆ ಬಂದ. ಎಂಬತ್ತೊಂದು ವರ್ಷದ ಮಂಡಿ ಬಗ್ಗಿಸಿ ಪೆಟ್ಟಿಗೆಯ ಪಕ್ಕ ಕೂತು, ಗೆಳೆಯನ ಹಣೆಗೆ ಹಣೆ ಹಚ್ಚಿ ಬಹಳ ಹೊತ್ತು ಹಾಗೇ ಇದ್ದ. ತನ್ನ ಭಾಷೆಯಲ್ಲಿ ಏನೇನೋ ಹೇಳಿದ. ದುಭಾಷಿ ಬಾಗಿಲಲ್ಲೇ ನಿಂತಿದ್ದಳು, ಯಾರೂ ಅವಳನ್ನು ಅರ್ಥ ಕೇಳಲಿಲ್ಲ. ಒಂದು ಸಲ ಅವನು ಎರಡು ಬೆರಳು ಎತ್ತಿ ಸಿಗಡಿಯ ಮೀಸೆಯಂತೆ ಅಲ್ಲಾಡಿಸಿದ. ಅತ್ತು ಊದಿದ ಮುಖಗಳಲ್ಲೂ ನಗು ಮೂಡಿತು.

ಆಮೇಲೆ ಅವನು ಕೈ ಚಾಚಿದ. “ಫೈಲ್.”

ಹಾಲ್ಕಂಬ್ ಚಾಪೆಯ ಮೇಲೆ ಕಾಲುಚೀಲದಲ್ಲಿ ನುಸುಳಿಕೊಂಡು ಬಂದು ಫೈಲ್ ತೆರೆದು ಕೊಟ್ಟ. ಜೇಬಿನಿಂದ ಪೆನ್ನನ್ನೂ ತೆಗೆದು ಮುಂದೆ ಹಿಡಿದ. ಕುರೋಯಿವಾ ಪೆನ್ನನ್ನು ಮುಟ್ಟಲಿಲ್ಲ. ಕಾಗದಗಳನ್ನು ಹೊರತೆಗೆದು, ಅಂಚು ಕೂಡಿಸಿ, ಎರಡು ಮಡಿಕೆ ಮಡಿಚಿ, ಪರಾತೆನೆಯ ಎದೆಯ ಮೇಲಿದ್ದ ದಪ್ಪ ಕೈಗಳ ಕೆಳಗೆ ಮೆಲ್ಲಗೆ ಸರಿಸಿದ.

“ಇದು ಇವನದು,” ಎಂದ. “ಇವನೇ ಇಟ್ಕೊಳ್ಲಿ.”

ಪೆನ್ನು ಹಿಡಿದ ಹಾಲ್ಕಂಬನ ಕೈ ಗಾಳಿಯಲ್ಲೇ ಉಳಿಯಿತು. ಮುಚ್ಚಳ ಹಿಡಿದು ಬಂದ ಹಾಮಿಯೊರಾ ಅವನನ್ನು ಮೇಲಿಂದ ಕೆಳಗೆ ನೋಡಿ, “ಇನ್ನೇನಾದ್ರೂ ಇಡೋದಿದ್ಯಾ ಸಾಹೇಬ್ರೇ? ಟೈ ಚೆನ್ನಾಗಿದೆ,” ಎಂದ. ಮುಚ್ಚಳ ಬಿತ್ತು. ಒಳಗಿದ್ದವರೆಲ್ಲ ಒಮ್ಮೆಗೇ ಗೋಳೋ ಎಂದರು.

ಗುಡ್ಡದ ಮೇಲೆ ಗಾಳಿ ಜೋರಾಗಿತ್ತು. ಪೆಟ್ಟಿಗೆ ಇಳಿಯಿತು. ಮಣ್ಣು ತುಂಬುವುದು ತಮ್ಮಂದಿರ, ಅಳಿಯಂದಿರ ಕೆಲಸ, ಸಲಿಕೆಗಳು ಸಾಲಾಗಿ ನಿಂತಿದ್ದವು. ರಾವಿರಿ ಗುಂಪಿನ ಹಿಂದೆ ನಿಂತಿದ್ದ. ಹುಹಾನಾ ಒಂದು ಸಲಿಕೆ ಕಿತ್ತುಕೊಂಡು ಹೋಗಿ ಅವನ ಎದೆಗೆ ಒತ್ತಿದಳು.

“ಚೀಟಿ ಬಿಚ್ಚು. ಕೋಟು ಬಿಚ್ಚು. ತುಂಬು.”

ಅವನು ಬಿಚ್ಚಿದ. ನಾಲ್ಕು ಸಲಿಕೆ ಹಾಕುವಷ್ಟರಲ್ಲಿ ಬಿಳಿ ಅಂಗಿಗೆಲ್ಲ ಕೆಸರು. ಅಂಚಿನಲ್ಲಿ ನಿಂತಿದ್ದ ಕುರೋಯಿವಾ ಅವನನ್ನೇ ನೋಡುತ್ತಿದ್ದ.

“ಭಾನುವಾರ ಸಂಜೆ ನಾನು ಫೋನ್ ಮಾಡಿದ್ರೆ,” ಎಂದ ಮುದುಕ, “ಯಾರು ಎತ್ತುತ್ತಾರೆ?”

ರಾವಿರಿ ಸಲಿಕೆ ನಿಲ್ಲಿಸಿದ. ಬಾಯಿ ತೆರೆದ.

“ಮೊದಲು ಮಣ್ಣು ಹಾಕು,” ಎಂದಳು ಹುಹಾನಾ. “ನಿನ್ನ ಮಾತು ಆಮೇಲೆ ನೋಡೋಣ.” ಮುದುಕ ‘ಮಾಡಿದ್ರೆ’ ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಕೊಲ್ಲಿಯ ಅರವತ್ತು ಮನೆ ಆ ‘ಮಾಡಿದ್ರೆ’ಗೆ ನೇತುಬಿದ್ದಿವೆ ಎಂದು ಅವಳಿಗೆ ಗೊತ್ತಿತ್ತು. ಹಾಗೆ ನೇತುಹಾಕಿದವರಲ್ಲಿ ಇವತ್ತು ತಾನೂ ಒಬ್ಬಳು. ಆದರೂ ಅವಳ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ, ಇಳಿಯುವುದು ಅವಳಿಗೆ ಬೇಕೂ ಇರಲಿಲ್ಲ.

ಜನ ಕೈ ತೊಳೆಯಲು ನೀರಿನ ಕಡೆ ಹೊರಟಾಗ ಹಾಲ್ಕಂಬ್ ಅವಳ ಪಕ್ಕಕ್ಕೆ ಬಂದ. ಖಾಲಿ ಫೈಲು ಇನ್ನೂ ಕಂಕುಳಲ್ಲಿತ್ತು.

“ಹುಹಾನಾ ಅವರೇ, ಅದು ಮೂಲ ಪ್ರತಿ. ಮಂತ್ರಿಗಳ ಸಹಿ ಆಗಲೇ ಆಗಿತ್ತು ಅದರ ಮೇಲೆ. ಸಂಜೆ ರಾಜಧಾನಿಯಿಂದ ಫೋನ್ ಬರುತ್ತೆ, ಒಪ್ಪಂದ ಎಲ್ಲಿ ಅಂತ ಕೇಳ್ತಾರೆ. ನಾನು ಅವರಿಗೆ ಏನು ಹೇಳಲಿ?”

ಹುಹಾನಾ ಅವನ ಮುಖವನ್ನು ಆಗಲೇ ಮೊದಲ ಸಲ ಸರಿಯಾಗಿ ನೋಡಿದಳು.

“ಪರಾತೆನೆ ಹತ್ರ ಇದೆ ಅಂತ ಹೇಳಿ,” ಎಂದಳು. “ಅವನಿಗೆ ಜ್ವರ ಬಂದಿದೆ, ಮಲಗಿದ್ದಾನೆ ಅಂತ ಹೇಳಿ.”